ನಾಲ್ಕನೇ ಬಾಟಲಿಯ ಬಣ್ಣ

ಅಷ್ಟೆಲ್ಲ ರಾದ್ಧಾಂತಕ್ಕೂ ಕಾರಣ ಒಂದು ಸೂಜಿ. ಹೊಲಿಯುವ ಸೂಜಿಯಲ್ಲ, ಸಿರಿಂಜಿನ ಸೂಜಿ, ಕಿರುಬೆರಳಿನಷ್ಟೂ ಉದ್ದವಿಲ್ಲ. ಬೆಳಿಗ್ಗೆ ಎಂಟೂವರೆಗೆ ಬೂಚಣ್ಣ ಪ್ರಯೋಗಾಲಯದ ಬೀಗ ತೆಗೆದು ದೀಪ ಹಾಕಿದಾಗ ಅದು ನಾಲ್ಕನೇ ಬಾಟಲಿಯ ರಬ್ಬರ್ ಬೂಚಿನ ನೆತ್ತಿಯ ಮೇಲೆ, ಗುಡ್ಡ ಹತ್ತಿ ಬಾವುಟ ನೆಟ್ಟವರಂತೆ ನೆಟ್ಟಗೆ ನಿಂತಿತ್ತು. ಒಂಬತ್ತು ದಿನದಿಂದ ನಿಂತಿತ್ತು. ಬಾಟಲಿಯೊಳಗಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಬೂಚಣ್ಣ ದೀಪ ಆರಿಸಿ ಮತ್ತೆ ಹಾಕಿ ನೋಡಿದ.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಹದಿನಾರು ವರ್ಷದಿಂದ ಬಾಟಲಿಗಳಿಗೆ ಬೂಚು ಹಾಕುವುದೇ ಅವನ ಕೆಲಸ. ಅವನು ಹಾಕಿದ ಬೂಚಿನಿಂದ ಒಳಗಿನ ಗಾಳಿ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ ಎಂಬ ಖ್ಯಾತಿ ಇತ್ತು. ಇತ್ತು, ಅಂದರೆ ಆ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತೊಂಬತ್ತು ನಿಮಿಷದವರೆಗೆ.

ಆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಮ್ಮು ಮೂರು ವರ್ಷದಿಂದ ಒಂದೇ ಹಟ ಹಿಡಿದು ಕೂತಿದ್ದರು. ಮಳೆಕೋಟಿಗೆ ನೀರು ಅಂಟದ ಹಾಗೆ, ಬಾಣಲೆಗೆ ಅಡುಗೆ ಅಂಟದ ಹಾಗೆ ಬಳಿಯುತ್ತಾರಲ್ಲ, ಆ ಜಾತಿಯ ರಸಾಯನವನ್ನು ಒಡೆಯುವ ಹಟ. ಅದರಲ್ಲಿ ಇಂಗಾಲವೂ ಫ್ಲೋರಿನ್ನೂ ಒಂದನ್ನೊಂದು ಹಿಡಿದುಕೊಂಡರೆ, ಜಾತ್ರೆಯಲ್ಲಿ ಅಮ್ಮನ ಸೆರಗು ಹಿಡಿದ ಮಗುವಿನಂತೆ, ಬಿಡಿಸುವವರಿಲ್ಲ. ನೀರಿಗೆ ಬಿದ್ದರೆ ನೀರಲ್ಲೇ, ಮಣ್ಣಿಗೆ ಬಿದ್ದರೆ ಮಣ್ಣಲ್ಲೇ ಇರುತ್ತದೆ, ಕೊಳೆಯುವುದಿಲ್ಲ. ಅದನ್ನು ಬಿಡಿಸುವ ಸೂಕ್ಷ್ಮಜೀವಿ ಕೊಳಚೆ ಕೆಸರಿನಲ್ಲಿದೆ ಎಂಬುದು ಮೇಡಮ್ಮಿನ ನಂಬಿಕೆ. ಹಾಗಾಗಿ ಒಂದು ಕಡೆ ಆರು ಬಾಟಲಿ, ಬಿಗಿಯಾಗಿ ಬೂಚು ಹಾಕಿದ್ದು, ಒಳಗೆ ಒಂದು ಚಿಟಿಕೆ ಆಮ್ಲಜನಕವೂ ಇಲ್ಲ. ಇನ್ನೊಂದು ಕಡೆ ಆರು ಬಾಟಲಿ, ಬಾಯಿಗೆ ಬರೀ ಹತ್ತಿ ತುರುಕಿದ್ದು, ಹಗಲೂ ರಾತ್ರಿ ಕುಲುಕುವ ಮೇಜಿನ ಮೇಲೆ ಗಾಳಿ ಕುಡಿಯುತ್ತಾ ಓಲಾಡುತ್ತಿದ್ದವು. ಗಾಳಿಯವು ಮೂರು ವರ್ಷದಲ್ಲಿ ಏನನ್ನೂ ಕಡಿದಿರಲಿಲ್ಲ. ಗಾಳಿಯಿಲ್ಲದವು ಅಷ್ಟಿಷ್ಟು ಕಡಿದಿದ್ದವು. ಕಡಿದದ್ದೆಷ್ಟು ಎಂದು ಹೇಳಲು ಒಂದು ಮೀಟರು. ಬಿಡಿಸಿಕೊಂಡು ಹೊರಬಂದ ಫ್ಲೋರೈಡನ್ನು ಅದು ಅಂಕಿಯಲ್ಲಿ ತೋರಿಸುತ್ತಿತ್ತು. ಮೂರು ವರ್ಷದ ದಾಖಲೆ: ಮೂರು ಪಾಯಿಂಟು ಎರಡು.

ಗಾಳಿಯಿಲ್ಲದ ಬಾಟಲಿಗಳಿಗೆ ಮೇಡಮ್ಮು ಒಂದು ಚಾಡಿಕೋರ ಬಣ್ಣ ಬೆರೆಸಿಟ್ಟಿದ್ದರು. ಗಾಳಿ ಇಲ್ಲದಿದ್ದರೆ ಅದು ನೀರಿನ ಹಾಗೆ ತೆಪ್ಪಗಿರುತ್ತದೆ. ಒಂದಿಷ್ಟು ಆಮ್ಲಜನಕ ನುಗ್ಗಿತೋ, ಗುಲಾಬಿ.

ಒಂಬತ್ತು ದಿನದ ಹಿಂದೆ, ಕಟ್ಟಡಕ್ಕೆ ಬಣ್ಣ ಬಳಿಯಲು ಎಲ್ಲರಿಗೂ ರಜೆ ಕೊಟ್ಟ ಸಂಜೆ, ಬೂಚಣ್ಣ ಒಂದೊಂದು ಬಾಟಲಿಗೂ ಸೂಜಿ ಚುಚ್ಚಿ, ಸಿರಿಂಜಿನಲ್ಲಿ ಒಂದೊಂದು ಗುಟುಕು ನೀರು ತೆಗೆಯುತ್ತಿದ್ದ. ಅವನದೊಂದು ಪದ್ಧತಿ: ಸಿರಿಂಜು ಬಿಚ್ಚಿ, ಹೆಬ್ಬೆರಳಿನಿಂದ ಸೂಜಿಯ ಬಾಯಿ ಮುಚ್ಚಿ, ಆಮೇಲೆ ಸೂಜಿ ಕೀಳುವುದು, ಕೊನೆಗೆ ತಟ್ಟೆಯಲ್ಲಿ ಆರು ಸೂಜಿ ಎಣಿಸುವುದು. ನಾಲ್ಕನೆಯದರ ಸಿರಿಂಜು ಬಿಚ್ಚಿದ್ದಷ್ಟೇ, ಹೆಂಡತಿಯ ಫೋನು ಬಂತು. "ರೀ, ಬರ್ತಾ ಸೋಪು ತನ್ನಿ. ಮರೀಬೇಡಿ." ಬೂಚಣ್ಣ ಸೋಪನ್ನು ಮರೆಯಲಿಲ್ಲ. ತಟ್ಟೆಯಲ್ಲಿ ಐದೇ ಸೂಜಿ ಇದ್ದವು. ಆರನೆಯದು ಎಲ್ಲೋ ಅಡಿಯಲ್ಲಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಮನುಷ್ಯ ತನಗೆ ತಾನೇ ಹೇಳಿಕೊಂಡದ್ದನ್ನು ಎಷ್ಟು ಬೇಗ ನಂಬುತ್ತಾನೆ ಎಂಬುದಕ್ಕೆ ಯಾವ ಮೀಟರೂ ಇಲ್ಲ.

ಇವತ್ತು ಮೂರು ಗಂಟೆಗೆ ಸಮಿತಿ ಬರುವುದಿತ್ತು. ಪ್ರಯೋಗ ಮುಂದುವರಿಯಬೇಕೋ ಬೇಡವೋ ಎಂದು ಹೇಳುವ ಸಮಿತಿ. ಅದರ ಅಧ್ಯಕ್ಷರು ಹೋದ ವಾರ ಪಕ್ಕದ ಕಟ್ಟಡದ ಪಾಚಿ ವಿಭಾಗವನ್ನು ಇಪ್ಪತ್ತು ನಿಮಿಷದಲ್ಲಿ ಮುಚ್ಚಿಸಿ, ಕೊಟ್ಟ ಕಾಫಿಯನ್ನೂ ಕುಡಿಯದೆ ಹೋಗಿದ್ದರು. ಮೇಡಮ್ಮು ರಜೆಗೆ ಮುಂಚೆ ಬೂಚಣ್ಣನನ್ನು ಕರೆದು ಮೆಲ್ಲಗೆ ಹೇಳಿದ್ದರು, "ಬೂಚಣ್ಣ, ಒಂದು ಬಾಟಲಿ ಕೆಟ್ಟರೂ ನಾನು ಸುಮ್ಮನಿರಲ್ಲ. ಮತ್ತೆ ಚರಂಡಿ ಘಟಕಕ್ಕೇ ಕಳಿಸ್ತೀನಿ."

ಚರಂಡಿ ಘಟಕ! ಬೂಚು ಹಾಕುವ ಮುಂಚೆ ಬೂಚಣ್ಣ ಆರು ವರ್ಷ ಅಲ್ಲಿದ್ದ. ಮ್ಯಾನ್‌ಹೋಲಿನ ಮುಚ್ಚಳ ತೆಗೆದು, ಹಗ್ಗಕ್ಕೆ ಡಬ್ಬ ಕಟ್ಟಿ ಕೆಸರು ಮೊಗೆಯುವ ಕೆಲಸ. ಆ ಆರು ವರ್ಷ ಹೆಂಡತಿ ಅವನನ್ನು ಸೀದಾ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಗೇಟಿನ ಪಕ್ಕದ ನಲ್ಲಿಯಡಿ, ಎದುರು ಮನೆಯವರ ಕಣ್ಣೆದುರೇ, ಚಳಿಯಿರಲಿ ಮಳೆಯಿರಲಿ, ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ ತೊಳೆದುಕೊಂಡರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಎದುರು ಮನೆಯ ಮಕ್ಕಳು ಗಡಿಯಾರ ನೋಡುವುದನ್ನು ಕಲಿತದ್ದೇ ಅವನ ಸ್ನಾನ ನೋಡಿ.

ಬೂಚಣ್ಣ ಸೂಜಿ ಕಿತ್ತು ಜೇಬಿಗೆ ಹಾಕಿಕೊಂಡ. ಬಾಟಲಿಯನ್ನು ದಿಟ್ಟಿಸಿದ. ಬಾಟಲಿ ಗುಲಾಬಿಯಾಗಿಯೇ ಅವನನ್ನು ದಿಟ್ಟಿಸಿತು.

"ಅಣ್ಣಾ, ನಾಲ್ಕನೇದ್ಯಾಕೆ ಹಾಗೆ ಕೆಂಪಗಾಗಿದೆ?"

ಗಾಜು ತೊಳೆಯುವ ಅಕ್ಕ ಹಿಂದೆಯೇ ನಿಂತಿದ್ದಳು. ಅವಳ ಚಪ್ಪಲಿಗೆ ಸದ್ದಿಲ್ಲ, ಬಾಯಿಗೆ ಬೀಗವಿಲ್ಲ.

"ಬೆಳಕು. ಕಿಟಕಿ ಬೆಳಕು ಬಿದ್ದು ಹಾಗೆ ಕಾಣುತ್ತೆ."

"ಕಿಟಕಿ ಮುಚ್ಚಿದೆಯಲ್ಲಣ್ಣಾ."

ಬೂಚಣ್ಣ ಎಲ್ಲವನ್ನೂ ಹೇಳಿಬಿಟ್ಟ. ಅಕ್ಕನ ಕಣ್ಣಲ್ಲಿ ನೀರೇ ಬಂತು. "ನನ್ನ ಮಕ್ಕಳಾಣೆ, ಒಂದು ನರಪಿಳ್ಳೆಗೂ ಹೇಳಲ್ಲ" ಎಂದು ಹೋದಳು. ನಾಲ್ಕು ನಿಮಿಷದಲ್ಲಿ ಸ್ಟೋರ್ ಕೀಪರ್ ಬಂದ.

"ಏನಯ್ಯಾ ಬೂಚು, ಬಾಟಲಿ ಹೋಯ್ತಂತೆ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅಕ್ಕ ಅಳ್ತಾ ಇದ್ಲು, ಯಾಕೆ ಅಂತ ಕೇಳ್ದೆ." ಸ್ಟೋರ್ ಕೀಪರ್ ಬಾಟಲಿಯನ್ನು ಮೇಲೆ ಕೆಳಗೆ ನೋಡಿ, ಸೊಂಟದ ಮೇಲೆ ಕೈ ಇಟ್ಟುಕೊಂಡ. "ಒಳಗೆ ಗಾಳಿ ಹೋಗಿದೆ. ಹೋದ ಗಾಳೀನ ಹೊರಗೆ ಓಡಿಸು. ನೈಟ್ರೋಜನ್ ಬಿಡು, ಬುಳುಬುಳು ಅಂತ. ಅಷ್ಟೇ ವಿದ್ಯೆ."

"ಸಿಲಿಂಡರ್ ಖಾಲಿ ಕಣಣ್ಣ. ಒಂದು ಕೊಡು."

"ಮೂರು ಪ್ರತಿಯಲ್ಲಿ ಅರ್ಜಿ ಬರಿ. ಮೇಡಮ್ ಸಹಿ ಹಾಕಿಸು."

"ಮೇಡಮ್ ಸಹಿ ಹಾಕೋ ಹಾಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?"

"ನೀನೆಲ್ಲಿ ಬಂದೆ? ನಾನೇ ಬಂದಿದ್ದು" ಎಂದ ಸ್ಟೋರ್ ಕೀಪರ್. ಆದರೂ ಹತ್ತು ನಿಮಿಷದಲ್ಲಿ ಸಿಲಿಂಡರನ್ನು ತಾನೇ ಉರುಳಿಸಿಕೊಂಡು ಬಂದ. ಸ್ನೇಹಕ್ಕಲ್ಲ, ಮುಂದೇನಾಗುತ್ತದೆ ಎಂದು ನೋಡುವ ಆಸೆಗೆ.

ಬೂಚಿಗೆ ಎರಡು ಸೂಜಿ ಚುಚ್ಚಿದರು. ಒಂದು ಅನಿಲ ಒಳಗೆ ಹೋಗಲು, ಒಂದು ಗಾಳಿ ಹೊರಗೆ ಬರಲು. "ಸ್ವಲ್ಪವೇ ತಿರುಗಿಸು" ಎಂದ ಬೂಚಣ್ಣ. ಸ್ಟೋರ್ ಕೀಪರನ ಕೈಯಲ್ಲಿ ಸ್ವಲ್ಪ ಎಂಬುದು ಯಾವತ್ತೂ ಸ್ವಲ್ಪವಾಗಿದ್ದಿಲ್ಲ. ಬಾಟಲಿ ಒಮ್ಮೆ ಬಿಕ್ಕಳಿಸಿತು, ನೊರೆ ಉಕ್ಕಿತು. ಎರಡನೇ ಸೂಜಿಯಿಂದ ತಳದ ಕೆಸರು ಕದಡಿದ ಕಂದು ನೀರು ಚಿಮ್ಮಿ, ಮೂರು ದಿನದ ಹಿಂದಷ್ಟೇ ಬಿಳಿ ಬಣ್ಣ ಕಂಡ ಗೋಡೆಯ ಮೇಲೆ ಚಿರತೆಯ ಚರ್ಮ ಬಿಡಿಸಿತು. ಜೊತೆಗೆ ವಾಸನೆ. ಕೊಳೆತ ಮೊಟ್ಟೆಯ ಗೋದಾಮಿಗೆ ಬೆಂಕಿ ಬಿದ್ದ ಹಾಗೆ.

"ನಿಲ್ಸೋ!"

ನಿಲ್ಲಿಸಿದರು. ಬಾಟಲಿ ಗುಲಾಬಿಯಾಗಿಯೇ ಇತ್ತು.

"ಗಾಳಿ ಹೋಗಿದೆ, ಬಣ್ಣ ಯಾಕೆ ಹೋಗಿಲ್ಲ?" ಎಂದು ಸ್ಟೋರ್ ಕೀಪರ್ ಬಾಟಲಿಯನ್ನೇ ಗದರಿಸಿದ.

"ಗಾಳಿ ಹೋದರೆ ಸಾಲದು. ಒಳಗಿನ ಹುಳಗಳೇ ಉಸಿರಾಡಿ ಬಣ್ಣ ಕಳೀಬೇಕು. ಎರಡು ದಿನ ಆಗುತ್ತೆ."

"ಅದನ್ನ ಮೊದಲೇ ಹೇಳ್ಬಾರ್ದಾ? ಸುಮ್ನೆ ನನ್ನ ಸಿಲಿಂಡರ್ ದಂಡ!"

ಗಂಟೆ ಹತ್ತೂವರೆ. ಅಕ್ಕ ಒದ್ದೆ ಬಟ್ಟೆ ತಂದು ಗೋಡೆ ಒರೆಸಿದಳು. ಚುಕ್ಕೆಗಳು ಗೆರೆಗಳಾದವು, ಚಿರತೆ ಹುಲಿಯಾಯಿತು. ಸ್ಟೋರ್ ಕೀಪರ್ ಓಡಿಹೋಗಿ ಕಳೆದ ವರ್ಷದ ಕ್ಯಾಲೆಂಡರೊಂದನ್ನು ತಂದು ಹುಲಿಯ ಮೇಲೆ ತೂಗುಹಾಕಿದ. ಕಲೆ ಮಂಡಿಯ ಎತ್ತರದಲ್ಲಿದ್ದುದರಿಂದ ಕ್ಯಾಲೆಂಡರೂ ಮಂಡಿಯ ಎತ್ತರದಲ್ಲಿ ನಿಂತಿತು.

ಆಗ ಬೂಚಣ್ಣನಿಗೆ ಉಪವಾಸದ ಬಾಟಲಿ ನೆನಪಾಯಿತು. ಹೋಲಿಸಿ ನೋಡಲೆಂದು ಮೇಡಮ್ಮು ಬೀರುವಿನಲ್ಲಿ ಏಳನೆಯದೊಂದು ಇಟ್ಟಿದ್ದರು. ಅದೇ ಕೆಸರು, ಅದೇ ಬೂಚು, ಆದರೆ ಒಳಗೆ ರಸಾಯನವೇ ಇಲ್ಲ. ಹುಳಗಳಿಗೆ ಕಡಿಯಲು ಏನೂ ಇಲ್ಲ. ನೋಡಲು ಮಾತ್ರ ತಿಳಿಯಾಗಿ, ಸಾಧುವಾಗಿ, ಉಳಿದ ಐದರ ಜೊತೆ ಒಡಹುಟ್ಟಿದಂತಿತ್ತು. ಬೂಚಣ್ಣ ನಾಲ್ಕನೆಯದರ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಉಪವಾಸದ್ದಕ್ಕೆ ಅಂಟಿಸಿ ಸಾಲಿನಲ್ಲಿ ನಿಲ್ಲಿಸಿದ.

"ಅದನ್ನ ಮೀಟರಿಗೆ ಹಾಕಿದ್ರೆ?" ಎಂದ ಸ್ಟೋರ್ ಕೀಪರ್.

"ಸೊನ್ನೆ ಬರುತ್ತೆ. ಆದ್ರೆ ಮೇಡಮ್ ಯಾವಾಗ್ಲೂ ಒಂದನೇದನ್ನೇ ತೋರ್ಸೋದು. ಅದೇ ಜಾಣ ಬಾಟಲಿ."

"ಅಧ್ಯಕ್ಷರು ತಾವೇ ಆರಿಸಿದ್ರೆ?"

"ಆರರಲ್ಲಿ ಒಂದು ಸಲ ಸಿಕ್ಕಿಬೀಳ್ತೀನಿ."

"ಒಳ್ಳೇದೇ ಬಿಡು" ಎಂದ ಸ್ಟೋರ್ ಕೀಪರ್. "ನನ್ನ ತಮ್ಮ ಡ್ರೈವಿಂಗ್ ಲೈಸೆನ್ಸಿಗೆ ಆರು ಸಲ ಹೋಗಿದ್ದ, ಒಂದೇ ಸಲ ಪಾಸಾಗಿದ್ದು." ಇದು ಸಮಾಧಾನವೋ ಎಚ್ಚರಿಕೆಯೋ ಬೂಚಣ್ಣನಿಗೆ ತಿಳಿಯಲಿಲ್ಲ.

ಚೀಟಿಯಿಲ್ಲದ ಗುಲಾಬಿ ಬಾಟಲಿಯನ್ನು ಅವನು ತನ್ನ ಊಟದ ಚೀಲಕ್ಕೆ ಹಾಕಿಕೊಂಡ. ಅದೇ ಹೊತ್ತಿಗೆ ಬಾಗಿಲಲ್ಲಿ ಮೇಡಮ್ಮು.

ಅವರು ಮೊದಲು ಮೂಸಿದರು. "ಏನಿದು ವಾಸನೆ?"

"ಹೊಸ ಪೇಂಟು ಮೇಡಮ್."

"ಪೇಂಟು ಕೊಳೆಯುತ್ತಾ ಬೂಚಣ್ಣ?"

"ಅಗ್ಗದ್ದು ಮೇಡಮ್" ಎಂದ ಸ್ಟೋರ್ ಕೀಪರ್, ಸಿಲಿಂಡರನ್ನು ಬೆನ್ನ ಹಿಂದೆ ಅಡಗಿಸಲು ನೋಡುತ್ತಾ. ಸಿಲಿಂಡರು ಅವನಿಗಿಂತ ಅರ್ಧ ಅಡಿ ಎತ್ತರವಿತ್ತು.

ಮೇಡಮ್ಮಿಗೆ ಅದನ್ನೆಲ್ಲ ನೋಡುವ ವ್ಯವಧಾನವಿರಲಿಲ್ಲ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಬಾಟಲಿಗಳ ಮುಂದೆ ನಿಂತು, ಪರೀಕ್ಷೆಗೆ ಹೊರಟ ಮಕ್ಕಳನ್ನು ನೋಡುವಂತೆ ಒಂದೊಂದನ್ನೂ ನೋಡಿದರು. ನಾಲ್ಕನೆಯದರ ಮುಂದೆ ಬೆರಳು ಒಂದು ಗಳಿಗೆ ನಿಂತಿತು. "ಎಲ್ಲ ತಿಳಿಯಾಗಿವೆ" ಎಂದರು ಮೇಡಮ್ಮು. ಆಮೇಲೆ, ಬೂಚಣ್ಣನ ಕಡೆ ತಿರುಗದೆಯೇ, "ಮೂರು ವರ್ಷ ನಿಮ್ಮ ಬೂಚು ನಂಬಿ ಬದುಕಿದ್ದೀನಿ ಬೂಚಣ್ಣ. ಇವತ್ತು ಇದು ಮುಚ್ಚಿಹೋದರೆ ನನಗೆ ಇನ್ನೊಂದು ಪ್ರಯೋಗ ಕಟ್ಟೋ ಶಕ್ತಿ ಇಲ್ಲ" ಎಂದರು.

ಬೈದಿದ್ದರೆ ಬೂಚಣ್ಣ ತಡೆದುಕೊಳ್ಳುತ್ತಿದ್ದ. ಇದು ಸೂಜಿಯ ಹಾಗೆ ಒಳಗೆ ಹೋಗಿ ಅಲ್ಲೇ ಉಳಿಯಿತು.

ಊಟದ ಹೊತ್ತು ಇನ್ನೂ ಕಷ್ಟವಾಯಿತು. ಮೇಡಮ್ಮು ಎಲ್ಲರೂ ಒಟ್ಟಿಗೆ ಕೂತು ತಿನ್ನೋಣ ಎಂದರು. ಬೂಚಣ್ಣ ಚೀಲವನ್ನು ಎದೆಗವಚಿಕೊಂಡು, ಡಬ್ಬಿಯನ್ನು ಹೊರಗೆ ತೆಗೆಯದೆ, ಒಳಗೇ ಕೈ ಹಾಕಿ ತಿನ್ನತೊಡಗಿದ.

"ಏನಯ್ಯಾ, ಕುದುರೆ ಹಾಗೆ ಚೀಲದಲ್ಲೇ ತಿಂತಿದ್ದೀಯ?" ಎಂದ ಸ್ಟೋರ್ ಕೀಪರ್, ಎಲ್ಲ ಗೊತ್ತಿದ್ದೂ.

"ನೊಣ" ಎಂದ ಬೂಚಣ್ಣ.

ಊಟ ಮುಗಿದ ಮೇಲೆ ಚೀಲವನ್ನು ಗಾಜು ತೊಳೆಯುವ ಕೋಣೆಯ ಗೂಟಕ್ಕೆ ನೇತುಹಾಕಿ ಅವನು ಕುರ್ಚಿ ಜೋಡಿಸಲು ಹೋದ. ಅಲ್ಲಿಗೆ ಅಕ್ಕ ಬಂದಳು. ಡಬ್ಬಿ ತೊಳೆದುಕೊಟ್ಟರೆ ಪಾಪ ಅಣ್ಣನಿಗೆ ಒಂದು ಕೆಲಸ ಉಳಿಯುತ್ತದೆ ಎಂದು ಚೀಲಕ್ಕೆ ಕೈ ಹಾಕಿದಳು. ಬಾಟಲಿ ಸಿಕ್ಕಿತು. ಚೀಟಿ ಬದಲಾದ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಆಗ ಅವಳು ಗೋಡೆ ಒರೆಸಿದ ಬಟ್ಟೆ ತೊಳೆಯಲು ಹೋಗಿದ್ದಳು. ಗಾಬರಿಯಲ್ಲಿ ಅಣ್ಣ ಬಾಟಲಿಯನ್ನು ಸಾಲಿನಲ್ಲಿಡಲು ಮರೆತಿದ್ದಾನೆ, ಸಮಿತಿಯವರು ಎಣಿಸಿದರೆ ಒಂದು ಕಡಿಮೆ ಬರುತ್ತದಲ್ಲ ಎಂದು ಅವಳ ಕರುಳು ಚುರುಕ್ಕೆಂದಿತು. ಬಾಟಲಿ ಒರೆಸಿ, ಹೊಸ ಚೀಟಿಯ ಮೇಲೆ ಮುದ್ದಾಗಿ ನಾಲ್ಕು ಎಂದು ಬರೆದು ಅಂಟಿಸಿ, ಎಣಿಸುವ ಗೋಜಿಗೆ ಹೋಗದೆ ಸಾಲಿನ ಕೊನೆಯಲ್ಲಿಟ್ಟು, ಮೇಲೊಂದು ಬಟ್ಟೆಯನ್ನೂ ಹೊದಿಸಿ ಬಂದಳು.

ಮೂರು ಗಂಟೆಗೆ ಸರಿಯಾಗಿ ಸಮಿತಿ ಬಂತು. ಮುಂದೆ ಅಧ್ಯಕ್ಷರು, ಹಿಂದೆ ತಲೆಯಾಡಿಸಲೆಂದೇ ಕರೆತಂದ ಇಬ್ಬರು. ಅಧ್ಯಕ್ಷರು ತೆಳ್ಳಗಿನ ಮುದುಕರು. ಕಣ್ಣು ಮಿಟುಕಿಸುವುದರಲ್ಲೂ ಮಿತವ್ಯಯಿ. ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿದರು:

"ಕ್ಯಾಲೆಂಡರ್ ಯಾಕೆ ಮಂಡಿ ಹತ್ರ ಇದೆ?"

"ಕುಳ್ಳಗಿರೋರಿಗೆ ಅನುಕೂಲ ಆಗ್ಲಿ ಅಂತ ಸಾರ್" ಎಂದ ಸ್ಟೋರ್ ಕೀಪರ್. ಅವನನ್ನು ಅಲ್ಲಿಗೆ ಯಾರೂ ಕರೆದಿರಲಿಲ್ಲ.

ಅಧ್ಯಕ್ಷರು ಅದನ್ನು ಬರೆದುಕೊಂಡರು. ಮೇಡಮ್ಮು ವಿವರಿಸುತ್ತಾ ಹೋದರು. ಅಧ್ಯಕ್ಷರು ಎದ್ದು ಬಾಟಲಿಗಳ ಬಳಿ ಬಂದು ಬೆರಳಿಟ್ಟು ಎಣಿಸತೊಡಗಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆಮೇಲೆ ಬಟ್ಟೆ ಎತ್ತಿದರು.

"ನಾಲ್ಕು" ಎಂದರು ಮತ್ತೆ.

ಆಮೇಲೆ ಮೇಡಮ್ಮಿನ ಕಡೆ ತಿರುಗಿದರು.

"ಮೇಡಮ್, ನಿಮ್ಮಲ್ಲಿ ನಾಲ್ಕು ಎರಡು ಸಲ ಬರುತ್ತಾ? ಅದರಲ್ಲೊಂದು ಗುಲಾಬಿ?"

ಮೇಡಮ್ಮಿನ ಮುಖ ಸುಣ್ಣದಂತಾಯಿತು. ಅವರು ಬೂಚಣ್ಣನನ್ನು ನೋಡಿದರು. ಬೂಚಣ್ಣ ಅಕ್ಕನನ್ನು ನೋಡಿದ. ಅಕ್ಕ ಬಾಗಿಲ ಸಂದಿಯಿಂದ, ಹೇಗೆ ಉಳಿಸಿಕೊಟ್ಟೆ ನೋಡು ಎಂಬಂತೆ ನಕ್ಕಳು.

"ಎರಡನ್ನೂ ಮೀಟರಿಗೆ ಹಾಕಿ. ಈಗಲೇ. ಮೊದಲು ಆ ತಿಳಿ ನಾಲ್ಕು" ಎಂದರು ಅಧ್ಯಕ್ಷರು.

ಬೂಚಣ್ಣನೇ ಸೂಜಿ ಚುಚ್ಚಬೇಕಾಯಿತು. ಬೂಚು ಮೂರು ಸಲ ಸೂಜಿಯಿಂದ ತಪ್ಪಿಸಿಕೊಂಡಿತು. ಮೀಟರಿನ ಅಂಕಿ ಅತ್ತ ಇತ್ತ ಅಲೆದು, ಸೊನ್ನೆಯಲ್ಲಿ ಬಂದು ಮಲಗಿತು.

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. "ಮೂರು ವರ್ಷಕ್ಕೆ ಸೊನ್ನೆ. ಇನ್ನೇನು ನೋಡೋದಿದೆ?" ಹಿಂದಿನ ಇಬ್ಬರು ತಲೆಯಾಡಿಸಿದರು. ಮೇಡಮ್ಮಿನ ಒಂದು ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

ಬೂಚಣ್ಣನ ಕಣ್ಣ ಮುಂದೆ ಗೇಟಿನ ಪಕ್ಕದ ನಲ್ಲಿ ಬಂತು, ಎದುರು ಮನೆ ಬಂತು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೇಡಮ್ಮಿನ ಕೈ ಇನ್ನೂ ಮೇಜನ್ನು ಬಿಟ್ಟಿರಲಿಲ್ಲ.

"ಸಾರ್, ಅದು ನಾಲ್ಕಲ್ಲ" ಎಂದ ಬೂಚಣ್ಣ. ಧ್ವನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. "ಅದು ಉಪವಾಸದ್ದು. ಅದರೊಳಗೆ ರಸಾಯನವೇ ಇಲ್ಲ. ಚೀಟಿ ಬದಲಾಯಿಸಿದ್ದು ನಾನು. ನಿಜವಾದ ನಾಲ್ಕು ಆ ಗುಲಾಬಿ. ಅದಕ್ಕೆ ಗಾಳಿ ಹೋಗಿದೆ. ಒಂಬತ್ತು ದಿನ." ಜೇಬಿನಿಂದ ಸೂಜಿ ತೆಗೆದು ಮೇಜಿನ ಮೇಲಿಟ್ಟ. "ಮೇಡಮ್ಮಿಂದು ಒಂದು ಚೂರೂ ತಪ್ಪಿಲ್ಲ ಸಾರ್."

"ಗೋಡೆ ಮೇಲಿನ ಹುಲೀನೂ ಇವನದ್ದೇ ಸಾರ್" ಎಂದ ಸ್ಟೋರ್ ಕೀಪರ್. ತಪ್ಪೊಪ್ಪಿಗೆ ಪೂರ್ತಿಯಾಗಿರಲಿ ಎಂದು.

ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಗುಲಾಬೀದು ಹಾಕಿ."

"ಬೇಡ ಸರ್" ಎಂದರು ಮೇಡಮ್ಮು ಸೋತ ಧ್ವನಿಯಲ್ಲಿ. "ಗಾಳಿ ಸೋಕಿದರೆ ಆ ಜೀವಿಗಳು ಉಳಿಯಲ್ಲ. ಸತ್ತಿದ್ದನ್ನ ಯಾಕೆ ಅಳೆಯೋದು?"

"ಹಾಕಿ."

ಹಾಕಿದರು. ಮೀಟರು ಒಂದು ಎಂದಿತು. ಎರಡು ಎಂದಿತು. ಮೂರು ಪಾಯಿಂಟು ಎರಡಕ್ಕೆ ಬಂತು. ಅದು ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆರು. ಒಂಬತ್ತು. ಬಾಡಿಗೆ ಆಟೋದ ಮೀಟರಿನಂತೆ ಓಡುತ್ತಾ, ಹದಿನೇಳಕ್ಕೆ ಹೋಗಿ ನಿಂತಿತು.

ಅಧ್ಯಕ್ಷರು ಮೊದಲ ಬಾರಿಗೆ ಕಣ್ಣು ಮಿಟುಕಿಸಿದರು. "ಫ್ಲೋರೈಡ್ ಟೂತ್‌ಪೇಸ್ಟ್ ಏನಾದ್ರೂ ಬಿತ್ತಾ ಇದರೊಳಗೆ?"

"ಇಲ್ಲ ಸಾರ್, ನನ್ನಾಣೆ!" ಎಂದ ಬೂಚಣ್ಣ.

ಮೀಟರಿನ ಎಲೆಕ್ಟ್ರೋಡ್ ಕಡ್ಡಿ ತೊಳೆದು ಮತ್ತೆ ಹಾಕಿದರು. ಹದಿನೇಳು. ಒಂದನೇ ಬಾಟಲಿ ಹಾಕಿದರು. ಮೂರು. ಗಾಳಿಯ ಬಾಟಲಿ ಹಾಕಿದರು. ಸೊನ್ನೆ. ಮತ್ತೆ ಗುಲಾಬಿ. ಹದಿನೇಳು.

ಮೇಡಮ್ಮು ಸೂಜಿಯನ್ನು ಕೈಗೆತ್ತಿಕೊಂಡು, ಉಂಗುರ ನೋಡುವಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಒಬ್ಬರ ಕೈಲಿ ಆಗೋ ಕೆಲಸವೇ ಅಲ್ಲ ಇದು" ಎಂದರು ನಿಧಾನಕ್ಕೆ. "ಗಾಳಿಯಿಲ್ಲದ ಗುಂಪು ಮೊದಲ ಹಿಡಿತ ಬಿಡಿಸುತ್ತೆ, ಅಲ್ಲಿಗೇ ಸುಸ್ತಾಗುತ್ತೆ. ಉಳಿದ ತುಂಡು ತಿನ್ನೋಕೆ ಗಾಳಿ ಬೇಕಾದ ಗುಂಪು ಬೇಕು. ಅವೂ ಅದೇ ಕೆಸರಿನಲ್ಲಿ ಮಲಗಿದ್ದವು. ಸೂಜಿಯಿಂದ ಒಂದೊಂದೇ ಗುಟುಕು ಗಾಳಿ ಸಿಕ್ಕಿದೆ, ಎದ್ದಿವೆ. ನಾನು ಮೂರು ವರ್ಷ ಇಬ್ಬರನ್ನೂ ಬೇರೆ ಬೇರೆ ಮನೆಯಲ್ಲಿಟ್ಟಿದ್ದೆ!"

ಅಧ್ಯಕ್ಷರು ಎದ್ದು ನಿಂತರು. ಹಿಂದಿನ ಇಬ್ಬರೂ ಎದ್ದರು. "ಪ್ರಯೋಗ ಮುಂದುವರಿಯಲಿ. ಐದು ವರ್ಷ" ಎಂದರು. ಕಾಫಿ ತರಿಸಿ ಕುಡಿದರು. ಅಕ್ಕ ಅತ್ತಳು. ಮೇಡಮ್ಮು ಬೂಚಣ್ಣನ ಎರಡೂ ಕೈ ಹಿಡಿದು ಕುಲುಕಿದರು. ಬೂಚಣ್ಣ ಆರಿಂಚು ಎತ್ತರವಾದಂತೆ ಕಂಡ; ಹದಿನಾರು ವರ್ಷದಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಾಯಿತು.

"ಒಂದೇ ತೊಂದರೆ" ಎಂದರು ಅಧ್ಯಕ್ಷರು, ಲೋಟ ಕೆಳಗಿಡುತ್ತಾ. "ಒಂದು ಬಾಟಲಿ ಸಾಲದು. ನೂರು ಬೇಕು. ಅದೇ ಕೆಸರು, ದಿನಾ ತಾಜಾ. ಮೂಲ ಕೆಸರು ಎಲ್ಲಿಯದು?"

ಮೇಡಮ್ಮು ಹಣೆ ತಿಕ್ಕಿಕೊಂಡರು. "ಚರಂಡಿ ಘಟಕದ ಹಳೇ ದಾಸ್ತಾನು ಸರ್. ಯಾವ ಮ್ಯಾನ್‌ಹೋಲಿಂದು ಅಂತ ದಾಖಲೆ ಇಲ್ಲ."

ಬೂಚಣ್ಣ ನೆಲ ನೋಡಿದ. ಆ ಮ್ಯಾನ್‌ಹೋಲು ಅವನಿಗೆ ಗೊತ್ತಿತ್ತು. ಅವನು ಹೇಳುವ ಉದ್ದೇಶ ಇಟ್ಟುಕೊಂಡಿರಲಿಲ್ಲ.

"ದಾಖಲೆ ಯಾಕೆ ಸಾರ್? ಮನುಷ್ಯನೇ ಇದಾನಲ್ಲ!" ಎಂದ ಸ್ಟೋರ್ ಕೀಪರ್, ಗೆಳೆಯನ ಬೆನ್ನು ತಟ್ಟುತ್ತಾ. "ಆರು ವರ್ಷ ಆ ಕೆಸರೆಲ್ಲ ಮೊಗೆದದ್ದು ನಮ್ಮ ಬೂಚೇ. ಕಣ್ಣು ಮುಚ್ಚಿ, ಬರೀ ಮೂಗಿನಿಂದ ಯಾವ ಮ್ಯಾನ್‌ಹೋಲು ಅಂತ ಹೇಳ್ತಾನೆ."

ಅಧ್ಯಕ್ಷರ ಮುಖ ಅರಳಿತು. ಅದು ಅರಳಬಲ್ಲದು ಎಂಬುದು ಹಿಂದಿನ ಇಬ್ಬರಿಗೂ ಹೊಸ ಸುದ್ದಿ. "ಅದ್ಭುತ! ನಾಳೆಯಿಂದಲೇ ಇವರನ್ನ ಅಲ್ಲಿಗೆ ಹಾಕಿ. ಐದು ವರ್ಷ, ದಿನಾ ಬೆಳಿಗ್ಗೆ ಸಂಜೆ. ಬೇರೆ ಯಾರನ್ನೂ ನಂಬೋ ಹಾಗಿಲ್ಲ."

"ಮೇಡಮ್..." ಎಂದ ಬೂಚಣ್ಣ.

"ಇದು ಶಿಕ್ಷೆ ಅಲ್ಲ ಬೂಚಣ್ಣ, ಗೌರವ" ಎಂದರು ಮೇಡಮ್ಮು, ಕಣ್ಣೊರೆಸಿಕೊಳ್ಳುತ್ತಾ. "ಇಲ್ಲಿ ಬೂಚು ಹಾಕೋದನ್ನ ಅಕ್ಕ ನೋಡ್ಕೋತಾಳೆ. ಇನ್ನು ಮೇಲೆ ಎಲ್ಲ ಬೂಚಿಗೂ ಒಂದೊಂದು ಸೂಜಿ ಬಿಟ್ಟೇ ಬಿಡ್ತೀವಲ್ಲ, ಅಷ್ಟು ಬಿಗಿ ಏನೂ ಬೇಕಾಗಿಲ್ಲ."

ಐದೂವರೆಗೆ ಆದೇಶದ ಪ್ರತಿ ಕೈಗೆ ಬಂತು. ಸ್ಟೋರ್ ಕೀಪರ್ ಅರ್ಜಿ ಕೇಳದೆಯೇ ಹಗ್ಗವನ್ನೂ ಡಬ್ಬವನ್ನೂ ತಂದುಕೊಟ್ಟ. ಬೂಚಣ್ಣ ಅವೆರಡನ್ನೂ ಹೆಗಲಿಗೆ ಹಾಕಿಕೊಂಡು ಗೇಟು ದಾಟುವಾಗ ಫೋನು ಬಂತು.

"ರೀ, ಏನಾಯ್ತು? ಸಮಿತಿಯವರು ಏನಂದ್ರು?"

"ತುಂಬಾ ಹೊಗಳಿದ್ರು."

"ಅಯ್ಯೋ, ಹೌದಾ! ಮತ್ತೆ?"

ಬೂಚಣ್ಣ ಹೆಗಲ ಮೇಲಿನ ಹಗ್ಗವನ್ನು ಸರಿಪಡಿಸಿಕೊಂಡ.

"ಆವತ್ತು ತಂದ ಸೋಪು ಇದೆಯಲ್ಲ" ಎಂದ, "ಅದನ್ನ ಗೇಟಿನ ಹತ್ರ ನಲ್ಲಿ ಮೇಲೆ ಇಟ್ಬಿಡು."